ಬಾಗಿಲು ಕಾಯ್ದ ಸಂತರು

1888ನೆಯ ಇಸವಿಯ ಜನವರಿ 15ರಂದು ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ಗುರುದೀಕ್ಷೆಯ ಸುವರ್ಣ ಮಹೋತ್ಸವದ ಸಂಭ್ರಮದ ನಡುವೆ ರೋಮಾಪುರಿಯಲ್ಲಿ ಹತ್ತು ಮಂದಿ ಪುಣ್ಯಪುರುಷರಿಗೆ ಸಂತಪದವಿಯನ್ನು ದಯಪಾಲಿಸಿದರು. ಅವರಲ್ಲಿ ಏಳು ಮಂದಿ ಮರಿಯ ಮಾತೆಯ ಸೇವಕರ ಸಭೆಯನ್ನು ಸ್ಥಾಪಿಸಿದವರು. ಉಳಿದ ಮೂವರು ಯೇಸುಸಭೆಗೆ ಸೇರಿದವರು. ಈ ಮೂವರ ಹೆಸರನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಅಂದಿಗೂ ಆಶ್ಚರ್ಯವಾಗಿದ್ದಿರಬೇಕು, ಇಂದಿಗೂ ಆಗುತ್ತದೆ. ಒಬ್ಬರು ಪೇತ್ರ ಕ್ಲಾವೆರ್. ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿನಲ್ಲಿ ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತರುತ್ತಿದ್ದ ಗುಲಾಮರ ಹುಣ್ಣುಗಳನ್ನು ತೊಳೆದು, ಅವರಿಗೆ ಅನ್ನ ಔಷಧಗಳನ್ನು ಕೊಟ್ಟು, ಮೂರು ಲಕ್ಷ ಜನರಿಗೆ ಜ್ಞಾನಸ್ನಾನ ನೀಡಿದರೆಂದು ಹೇಳಲಾಗುವ ಮಹಾಪುರುಷರು ಅವರು. ಅಂಥವರಿಗೆ ಸಂತಪದವಿ ಸಂದುದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಮತ್ತೊಬ್ಬರು, ಜಾನ್ ಬರ್ಕ್‌ಮನ್ಸ್, ಫ್ಲಾಂಡರ್ಸ್ ಸೀಮೆಯ ಒಬ್ಬ ಚಮ್ಮಾರನ ಮಗ. ಗುರುದೀಕ್ಷೆಯನ್ನೂ ಪಡೆಯದೆ, 1621ರಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ವಿದ್ಯಾರ್ಥಿ. ಮನೆಯ ನಿಯಮಗಳನ್ನು ಚಾಚೂ ತಪ್ಪದೆ, ಮುಖ ಗಂಟಿಕ್ಕದೆ ಪಾಲಿಸಿದ ಎಂಬುದರ ಹೊರತು ಆತನ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಮೂರನೆಯವರು ಅಲ್ಫೋನ್ಸ್ ರೊಡ್ರಿಗಸ್. ಅವರು ಮಾಡಿದ್ದು ಬಾಗಿಲು ಕಾಯುವ ಕೆಲಸ.

ಮೂವರಿಗೂ ಒಂದೇ ದಿನ, ಒಂದೇ ಬಲಿಪೀಠದೆದುರು, ಒಂದೇ ಪದವಿ.

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಾವಸರದಲ್ಲಿ ಸಂಚಿಕೆಯ ಸಮಿತಿಯವರು ನಮ್ಮಿಂದ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದರು. ದೇವಾಲಯದ ಕಟ್ಟಡದ ಇತಿಹಾಸವನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯನ್ನೂ ಬೇರೆಯವರು ಬರೆದಿದ್ದಾರೆ. ಆದುದರಿಂದ ನಾವು ಧರ್ಮಸಭೆಯ ದೀರ್ಘ ಇತಿಹಾಸದಿಂದ ಬೇರೊಂದು ಪರಂಪರೆಯನ್ನು ಆಯ್ದುಕೊಂಡಿದ್ದೇವೆ. ಬಾಗಿಲು ತೆರೆದವರ, ಗಂಟೆ ಹೊಡೆದವರ, ದೀಪ ಹಚ್ಚಿದವರ ಪರಂಪರೆ ಅದು. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನೆಂಬ ಯೇಸುಸ್ವಾಮಿಯ ಬೋಧೆಯನ್ನು ಸಂತ ಲೂಕರ ಶುಭಸಂದೇಶದ ಹದಿನಾರನೆಯ ಅಧ್ಯಾಯದಿಂದ ನಾವೆಲ್ಲರೂ ಕೇಳಿದ್ದೇವೆ, ಬೋಧಿಸಿಯೂ ಇದ್ದೇವೆ. ಆ ಬೋಧೆಯನ್ನು ಅಕ್ಷರಶಃ ಬದುಕಿದವರು ಯಾರು, ಧರ್ಮಸಭೆ ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ವಿಚಾರಿಸಿದವರು ವಿರಳ.

ಬಾಗಿಲು ಕಾಯುವ ಕೆಲಸಕ್ಕೆ ಪವಿತ್ರ ಗ್ರಂಥದಲ್ಲಿ ಹಿರಿಯ ಸ್ಥಾನವಿದೆ. ಪೂರ್ವಕಾಲ ವೃತ್ತಾಂತದ ಪ್ರಥಮ ಗ್ರಂಥವು ದಾವೀದ ಅರಸನ ಕಾಲದ ಲೇವಿಯರ ಲೆಕ್ಕವನ್ನು ಕೊಡುವಾಗ 4,000 ಮಂದಿ ದ್ವಾರಪಾಲಕರನ್ನು ಎಣಿಸುತ್ತದೆ. ಯಾವ ದಿಕ್ಕಿನ ಬಾಗಿಲಿಗೆ ಯಾರು ಎಂಬುದನ್ನು ಚೀಟಿ ಹಾಕಿ ನಿಶ್ಚಯಿಸಿದರೆಂದೂ ಹೇಳುತ್ತದೆ. ದುಷ್ಟರ ಬಿಡಾರಗಳಲ್ಲಿ ವಾಸಿಸುವುದಕ್ಕಿಂತ ದೇವರ ಮನೆಯ ಹೊಸ್ತಿಲಲ್ಲಿ ನಿಲ್ಲುವುದೇ ಮೇಲೆಂದು ಹಾಡಿದ ಕೀರ್ತನೆಯನ್ನು ಕೋರಹನ ವಂಶದವರ ಕೀರ್ತನೆಯೆಂದು ಕರೆಯುತ್ತಾರೆ. ಕೋರಹನ ವಂಶದವರಲ್ಲಿ ದ್ವಾರಪಾಲಕರೂ ಇದ್ದರು. ಹಾಗಾದರೆ ಆ ಹಾಡು ಕೇವಲ ಉಪಮಾನವಲ್ಲ. ದಿನವೂ ಹೊಸ್ತಿಲಲ್ಲಿ ನಿಂತು ಕಾಲು ನೋಯಿಸಿಕೊಂಡವರ ಮಾತು. ಹೊಸ ಒಡಂಬಡಿಕೆಯಲ್ಲಿ ರೋದಾ ಎಂಬ ಸೇವಕಿಯೊಬ್ಬಳು ಬರುತ್ತಾಳೆ. ಸೆರೆಯಿಂದ ಬಿಡುಗಡೆ ಹೊಂದಿದ ಪೇತ್ರರು ರಾತ್ರಿ ಬಂದು ಕದ ತಟ್ಟಿದಾಗ ಅವರ ಧ್ವನಿಯನ್ನು ಗುರುತಿಸಿದ ಆಕೆ ಸಂತೋಷದ ಭರದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಒಳಗಿದ್ದ ಭಕ್ತರು ಆಕೆಗೆ ಹುಚ್ಚು ಎಂದರು. ಪೇತ್ರರ ಬಿಡುಗಡೆಗಾಗಿ ಪ್ರಾರ್ಥಿಸುತ್ತಿದ್ದವರು, ಪ್ರಾರ್ಥನೆ ಫಲಿಸಿ ಅವರೇ ಬಾಗಿಲಿಗೆ ಬಂದಾಗ ನಂಬಲಿಲ್ಲ! ನಂಬಿದವಳು ಬಾಗಿಲ ಹುಡುಗಿ ಒಬ್ಬಳೇ. ಸಂತ ಲೂಕರು ಆಕೆಯ ಹೆಸರನ್ನು ಬರೆದಿಟ್ಟದ್ದು ನಮಗೆ ಬಹಳ ಮೆಚ್ಚುಗೆಯಾಗುತ್ತದೆ.

ಹಿಂಸೆಯ ಶತಮಾನಗಳಲ್ಲಿ ಬಾಗಿಲಿನ ಕೆಲಸ ಎಷ್ಟು ಜವಾಬ್ದಾರಿಯದೆಂಬುದನ್ನು ವಿವರಿಸಬೇಕಾಗಿಲ್ಲ. ಒಳಗೆ ಬರುವವನು ಸಹೋದರನೋ ಗೂಢಚಾರನೋ, ಜ್ಞಾನಸ್ನಾನ ಪಡೆದವನೋ ಇನ್ನೂ ಕಲಿಯುತ್ತಿರುವವನೋ ಎಂಬುದನ್ನು ತಿಳಿದು ಬಿಡಬೇಕಾಗಿತ್ತು. ಸುಮಾರು 251ನೆಯ ಇಸವಿಯಲ್ಲಿ ಕೊರ್ನೇಲಿಯುಸ್ ಜಗದ್ಗುರುಗಳು ಅಂತಿಯೋಕ್ಯದ ಬಿಷಪರಿಗೆ ಬರೆದ ಪತ್ರವೊಂದನ್ನು ಚರಿತ್ರಕಾರ ಯೂಸೇಬಿಯುಸರು ಉಳಿಸಿಕೊಟ್ಟಿದ್ದಾರೆ. ರೋಮಿನ ಧರ್ಮಸಭೆಯಲ್ಲಿ 46 ಗುರುಗಳು, 7 ಧರ್ಮಸೇವಕರು, 7 ಉಪಧರ್ಮಸೇವಕರು, 42 ಬಲಿಪೀಠ ಸಹಾಯಕರು, ಹಾಗೂ ಭೂತೋಚ್ಚಾಟಕರು, ವಾಚಕರು, ದ್ವಾರಪಾಲಕರು ಸೇರಿ 52 ಮಂದಿ ಇದ್ದರೆಂದು ಆ ಪತ್ರ ಲೆಕ್ಕ ಒಪ್ಪಿಸುತ್ತದೆ. ಲೆಕ್ಕದ ಕೊನೆಯಲ್ಲಾದರೂ ಸರಿ, ದ್ವಾರಪಾಲಕರು ಲೆಕ್ಕದಲ್ಲಿ ಇದ್ದರು.

ಮುಂದೆ ಇದು ಗುರುದೀಕ್ಷೆಯ ದಾರಿಯಲ್ಲಿನ ಕಿರುಪಟ್ಟಗಳಲ್ಲಿ ಮೊದಲನೆಯದಾಯಿತು. ಹಳೆಯ ವಿಧಿಯಲ್ಲಿ ಬಿಷಪರು ಅಭ್ಯರ್ಥಿಯ ಕೈಗೆ ದೇವಾಲಯದ ಬೀಗದ ಕೈಗಳನ್ನು ಮುಟ್ಟಿಸಿ, ಈ ಬೀಗಗಳ ಒಳಗಿರುವ ವಸ್ತುಗಳ ವಿಷಯವಾಗಿ ದೇವರಿಗೆ ಲೆಕ್ಕ ಒಪ್ಪಿಸಬೇಕಾದವನಂತೆ ನಡೆದುಕೋ ಎಂದು ಎಚ್ಚರಿಸುತ್ತಿದ್ದರು. ಆತನನ್ನು ಬಾಗಿಲ ಬಳಿಗೆ ಕರೆದೊಯ್ದು, ಕದವನ್ನು ಮುಚ್ಚಿ ತೆರೆಯಿಸಿ, ಗಂಟೆಯನ್ನೂ ಬಾರಿಸಿಸುತ್ತಿದ್ದರು. ನಮಗಿಂತ ಹಿರಿಯರಾದ ಗುರುಗಳು ಈ ಪಟ್ಟವನ್ನು ಪಡೆದವರು. ಆರನೆಯ ಪೌಲ್ ಜಗದ್ಗುರುಗಳು 1972ರ ಆಗಸ್ಟ್ 15ರಂದು ಹೊರಡಿಸಿದ ಆಜ್ಞೆಯಿಂದ ಕಿರುಪಟ್ಟಗಳು ನಿಂತುಹೋದವು. 1973ರ ಜನವರಿ 1ರಿಂದ ವಾಚಕ ಮತ್ತು ಬಲಿಪೀಠ ಸಹಾಯಕ ಎಂಬ ಎರಡು ಸೇವೆಗಳು ಮಾತ್ರ ಉಳಿದವು. ನಾವು ಸೆಮಿನರಿಗೆ ಸೇರುವ ವೇಳೆಗೆ ದ್ವಾರಪಾಲಕ ಪಟ್ಟವು ಪಾಠದ ಪುಸ್ತಕದ ಒಂದು ಟಿಪ್ಪಣಿಯಾಗಿತ್ತು. ಆದರೆ ಅದೇ ಆಜ್ಞಾಪತ್ರದಲ್ಲಿ ಒಂದು ಮಾತಿದೆ. ತಮ್ಮ ದೇಶದಲ್ಲಿ ಅಗತ್ಯವೆಂದು ಕಂಡರೆ ದ್ವಾರಪಾಲಕ, ಉಪದೇಶಿ ಮುಂತಾದ ಸೇವೆಗಳನ್ನು ಸ್ಥಾಪಿಸಲು ಆಯಾ ದೇಶದ ಬಿಷಪರ ಮಂಡಲಿಯು ರೋಮಿನ ಅನುಮತಿಯನ್ನು ಬೇಡಬಹುದು ಎಂದು. ಈ ಮಾತನ್ನು ಬಹಳ ಮಂದಿ ಗಮನಿಸಿಲ್ಲ.

ಈಗ ಅಲ್ಫೋನ್ಸರ ಕಡೆಗೆ ಬರೋಣ. ಅವರ ಜೀವನವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಸಣ್ಣ ಕೆಲಸವನ್ನು ಅವರು ಆರಿಸಿಕೊಂಡವರಲ್ಲ, ಉಳಿದುದೆಲ್ಲ ಕೈಬಿಟ್ಟುಹೋದ ಮೇಲೆ ಅದು ಅವರಿಗೆ ದೊರೆತದ್ದು. ಸ್ಪೇನ್ ದೇಶದ ಸೆಗೋವಿಯಾ ಪಟ್ಟಣದ ಉಣ್ಣೆಯ ವ್ಯಾಪಾರಿಯೊಬ್ಬರ ಮಗನಾಗಿ 1532ರ ಸುಮಾರಿಗೆ ಅವರು ಹುಟ್ಟಿದರು. ಸಂತ ಇಗ್ನಾಸಿಯವರ ಮೊದಲ ಸಂಗಡಿಗರಲ್ಲೊಬ್ಬರಾದ ಪೇತ್ರ ಫಾವ್ರ್ ಅವರು ಆ ಮನೆಯಲ್ಲಿ ತಂಗಿದ್ದಾಗ ಬಾಲಕ ಅಲ್ಫೋನ್ಸನಿಗೆ ಪ್ರಥಮ ಪರಮಪ್ರಸಾದದ ಸಿದ್ಧತೆಯ ಪಾಠ ಹೇಳಿದರು. ಓದಲೆಂದು ಅಲ್ಕಲಾಕ್ಕೆ ಹೋದ ಹುಡುಗ ತಂದೆಯ ಮರಣದಿಂದ ಓದನ್ನು ಬಿಟ್ಟು ವ್ಯಾಪಾರಕ್ಕೆ ಹಿಂದಿರುಗಬೇಕಾಯಿತು. ಮದುವೆಯಾಯಿತು, ಮಕ್ಕಳಾದರು. ಮೂವತ್ತು ದಾಟುವ ಹೊತ್ತಿಗೆ ಹೆಂಡತಿ ತೀರಿಕೊಂಡಳು. ಮಕ್ಕಳು ಒಂದರ ಹಿಂದೊಂದು ಹೋದವು. ತಾಯಿಯೂ ಕಣ್ಮುಚ್ಚಿದಳು. ವ್ಯಾಪಾರ ಮುಳುಗಿತು. ಯೋಬನ ಕಥೆಯನ್ನು ನೆನಪಿಗೆ ತರುವ ಈ ವರ್ಷಗಳ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ. ಓದುಗರಲ್ಲಿ ಅನೇಕರಿಗೆ ಇಂಥದು ಏನೆಂದು ತಿಳಿದಿದೆ.

ಯೇಸುಸಭೆಗೆ ಸೇರಬೇಕೆಂದು ಕೇಳಿದಾಗ ವಿದ್ಯೆ ಸಾಲದೆಂದರು. ಮೂವತ್ತೈದು ದಾಟಿದ ಆ ವಿಧುರ ವಲೆನ್ಸಿಯಾ ಪಟ್ಟಣದಲ್ಲಿ ಚಿಕ್ಕ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತು ಲತೀನ್ ವ್ಯಾಕರಣವನ್ನು ಬಾಯಿಪಾಠ ಮಾಡಲು ಯತ್ನಿಸಿದರು. ತಲೆಗೆ ಹತ್ತಲಿಲ್ಲ, ಆರೋಗ್ಯವೂ ಕೆಟ್ಟಿತು. ಗುರುವಾಗಲು ವಿದ್ಯೆಯಿಲ್ಲ, ಸಹೋದರನಾಗಿ ದುಡಿಯಲು ದೇಹಬಲವಿಲ್ಲ ಎಂದು ಪರೀಕ್ಷಕರು ತೀರ್ಮಾನಿಸಿದರು. ಆದರೂ 1571ರ ಜನವರಿ 31ರಂದು ಪ್ರಾಂತ್ಯದ ಮುಖ್ಯಸ್ಥರು ಅವರನ್ನು ಸೇರಿಸಿಕೊಂಡರು. ಗುರುವಾಗಿಯೂ ಬೇಡ, ಸಹೋದರನಾಗಿಯೂ ಬೇಡ, ಸಂತನಾಗುವುದಕ್ಕಾದರೂ ಬರಲಿ ಎಂದು ಅವರು ಹೇಳಿದರೆಂಬ ಮಾತು ಯೇಸುಸಭೆಯ ಮನೆಗಳಲ್ಲಿ ಕರ್ಣಾಕರ್ಣಿಯಾಗಿ ಬಂದಿದೆ.

ಅದೇ ವರ್ಷ ಅವರನ್ನು ಮಜೋರ್ಕಾ ದ್ವೀಪದ ಪಾಲ್ಮಾ ನಗರದ ಮೊಂತೆಸಿಯೋನ್ ಕಾಲೇಜಿಗೆ ಕಳುಹಿಸಲಾಯಿತು. 1617ರ ಅಕ್ಟೋಬರ್ 31ರಂದು ಅಲ್ಲಿಯೇ ಅವರು ಪ್ರಾಣ ಬಿಟ್ಟರು. ನಲವತ್ತಾರು ವರ್ಷ ಒಂದೇ ಮನೆ. ಅದರಲ್ಲಿ ಬಹುಕಾಲ ಒಂದೇ ಬಾಗಿಲು. ಗಂಟೆ ಬಾರಿಸಿದರೆ ಎದ್ದು ಹೋಗುವುದು, ಬಂದವರನ್ನು ಕೂರಿಸುವುದು, ಕೇಳಿದ ಗುರುವನ್ನೋ ವಿದ್ಯಾರ್ಥಿಯನ್ನೋ ಹುಡುಕಿ ಕರೆತರುವುದು, ಓಲೆಗಳನ್ನು ತಲುಪಿಸುವುದು, ಭಿಕ್ಷುಕರಿಗೆ ಅನ್ನ ಕೊಡುವುದು, ದುಃಖಿಗಳ ಮಾತಿಗೆ ಕಿವಿಯಾಗುವುದು. ಇಷ್ಟೇ ಕೆಲಸ. ಗಂಟೆಯ ಸದ್ದು ಕೇಳಿದಾಗಲೆಲ್ಲ ಹೊರಗೆ ನಿಂತಿರುವವರು ಸಾಕ್ಷಾತ್ ಪ್ರಭುವೇ ಎಂದು ಭಾವಿಸಿ, ಬಂದೆ ಸ್ವಾಮೀ ಎಂದು ಮನಸ್ಸಿನಲ್ಲಿ ಉತ್ತರಿಸುತ್ತ ಓಡುವುದು ಅವರ ಅಭ್ಯಾಸವಾಗಿತ್ತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದು ಕೇಳಲು ಇಂಪಾದ ಮಾತು. ಆದರೆ ದಿನಕ್ಕೆ ಎಷ್ಟು ಸಲ, ವರ್ಷಕ್ಕೆ ಎಷ್ಟು ಸಲ, ಮಂಡಿ ನೋಯುವಾಗ, ಜಪದ ನಡುವೆ, ಊಟದ ನಡುವೆ, ಬಂದವನು ಒರಟನಾಗಿದ್ದಾಗ? ಆಧ್ಯಾತ್ಮಿಕ ಶುಷ್ಕತೆಯೂ ಸಂಶಯಗಳೂ ಅವರನ್ನು ವರ್ಷಗಟ್ಟಲೆ ಕಾಡಿದವು. ಇದು ನಮಗೆ ತಿಳಿದಿರುವುದು ಮೇಲಧಿಕಾರಿಗಳ ಅಪ್ಪಣೆಯ ಮೇರೆಗೆ 1604ರಿಂದ ಅವರೇ ಬರೆದಿಟ್ಟ ಆತ್ಮವೃತ್ತಾಂತದಿಂದ. ಅಪ್ಪಣೆಯಿಲ್ಲದೆ ಅವರು ಒಂದು ಸಾಲನ್ನೂ ಬರೆಯುತ್ತಿರಲಿಲ್ಲವೇನೋ.

1605ರಲ್ಲಿ ಆ ಬಾಗಿಲಿನಿಂದ ಒಬ್ಬ ತರುಣ ವಿದ್ಯಾರ್ಥಿ ಒಳಬಂದ. ಆತನೇ ಪೇತ್ರ ಕ್ಲಾವೆರ್. ತನ್ನ ಮುಂದಿನ ದಾರಿ ಯಾವುದೆಂದು ತಿಳಿಯದೆ ತೊಳಲುತ್ತಿದ್ದ ಆತ, ಎಪ್ಪತ್ತು ದಾಟಿದ ಬಾಗಿಲಿನ ಮುದುಕನ ಬಳಿ ಸಂಜೆಯ ವೇಳೆ ಕುಳಿತು ಮಾತನಾಡಲು ಮೇಲಧಿಕಾರಿಗಳ ಅನುಮತಿ ಪಡೆದ. ಸಮುದ್ರದಾಚೆ ಕೋಟಿ ಆತ್ಮಗಳು ಅನಾಥವಾಗಿರುವಾಗ ಯುರೋಪಿನಲ್ಲಿ ಕುಳಿತು ಮಾಡುವುದೇನು ಎಂಬ ಅರ್ಥದಲ್ಲಿ ಮುದುಕನು ಆತನನ್ನು ಪ್ರೇರೇಪಿಸಿದ. 1610ರಲ್ಲಿ ಕ್ಲಾವೆರ್ ಕಾರ್ತಹೇನಾಕ್ಕೆ ಹಡಗು ಹತ್ತಿದರು. 1654ರಲ್ಲಿ ಸಾಯುವವರೆಗೆ ಗುಲಾಮರ ನಡುವೆ ದುಡಿದರು. ಅಲ್ಫೋನ್ಸರ ಉಪದೇಶಗಳನ್ನು ಬರೆದುಕೊಂಡ ಪುಸ್ತಕವನ್ನು ಅವರು ಕಡೆಯವರೆಗೂ ಜತನವಾಗಿ ಇಟ್ಟುಕೊಂಡಿದ್ದರು. ಮಜೋರ್ಕಾವನ್ನು ಬಿಟ್ಟು ಕದಲದ ಒಬ್ಬ ಮನುಷ್ಯನ ಮಾತು ಅಟ್ಲಾಂಟಿಕ್ ಸಾಗರವನ್ನು ದಾಟಿದುದು ಹೀಗೆ. 1888ರಲ್ಲಿ ಇಬ್ಬರಿಗೂ ಒಂದೇ ದಿನ ಸಂತಪದವಿ ದೊರೆತುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇಲ್ಲಿ ಒಂದು ಉಪಕಥೆ. ಇದೇ ಕಾಲದಲ್ಲಿ ಇದೇ ಹೆಸರಿನ ಇನ್ನೊಬ್ಬ ಅಲ್ಫೋನ್ಸ್ ರೊಡ್ರಿಗಸ್ ಯೇಸುಸಭೆಯಲ್ಲಿದ್ದರು. ಅವರು ಪಂಡಿತರು, ಗುರುಗಳು. ಕ್ರೈಸ್ತ ಪರಿಪೂರ್ಣತೆಯ ಅಭ್ಯಾಸವನ್ನು ಕುರಿತು 1609ರಲ್ಲಿ ಅವರು ಪ್ರಕಟಿಸಿದ ಮಹಾಗ್ರಂಥವನ್ನು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಎಲ್ಲ ಮಠಗಳ ನವಶಿಷ್ಯರು ಓದಿದರು. ಇಬ್ಬರನ್ನೂ ಒಬ್ಬರೆಂದೇ ತಿಳಿಯುವವರು ಈಗಲೂ ಇದ್ದಾರೆ. ಪರಿಪೂರ್ಣತೆಯ ಪುಸ್ತಕ ಬರೆದವರಿಗೆ ಸಂತಪದವಿ ಇದುವರೆಗೆ ಬಂದಿಲ್ಲ. ಬಾಗಿಲು ಕಾಯ್ದವರಿಗೆ ಬಂದಿದೆ. ಪುಸ್ತಕ ಬರೆದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ, ಅವರೂ ಪುಣ್ಯವಂತರೇ. ಆದರೆ ಪ್ರಸಂಗಗಳನ್ನು ಬರೆದೇ ಜೀವ ಸವೆಸುವ ನಮ್ಮಂಥವರಿಗೆ ಇದು ಆಗಾಗ ನೆನಪಿಗೆ ಬರಬೇಕಾದ ಸಂಗತಿ.

ಅಲ್ಫೋನ್ಸರ ನಂತರ ಈ ಪರಂಪರೆ ನಿಲ್ಲಲಿಲ್ಲ. ಬವೇರಿಯಾ ಸೀಮೆಯ ಪಾರ್ಜಾಂ ಎಂಬಲ್ಲಿ 1818ರಲ್ಲಿ ರೈತಕುಟುಂಬದಲ್ಲಿ ಹುಟ್ಟಿದ ಕೊನ್ರಾಡರು ಮೂವತ್ತು ವರ್ಷ ಉತ್ತು ಬಿತ್ತಿ, ಅನಂತರ ಕಪುಚಿನ್ ಸಭೆಗೆ ಸೇರಿದರು. ಮರಿಯ ಮಾತೆಯ ಯಾತ್ರಾಸ್ಥಳವಾದ ಆಲ್ಟೋಟಿಂಗಿನ ಮಠದ ಬಾಗಿಲನ್ನು ನಲವತ್ತೊಂದು ವರ್ಷ ಕಾಯ್ದರು. ಯಾತ್ರಿಕರಿಗೆ ಮಾತು, ದಾರಿಹೋಕ ಕೂಲಿಗಳಿಗೆ ರೊಟ್ಟಿ, ಆ ದೇಶದ ಪದ್ಧತಿಯಂತೆ ಒಂದು ಲೋಟ ಬೀರು. ಮೆಟ್ಟಿಲ ಕೆಳಗಿನ ಕತ್ತಲೆಯ ಕಿರುಕೋಣೆಯೊಂದರಿಂದ ಬಲಿಪೀಠ ಕಾಣುತ್ತಿತ್ತು. ಬಿಡುವು ಸಿಕ್ಕಿದಾಗ ಅಲ್ಲಿ ಹೋಗಿ ಮೊಣಕಾಲೂರುತ್ತಿದ್ದರು. 1894ರ ಏಪ್ರಿಲ್ 21ರಂದು ತೀರಿಕೊಂಡರು. 1934ರಲ್ಲಿ ಸಂತರೆಂದು ಘೋಷಿತರಾದರು. ಅವರು ಬರೆದ ಗ್ರಂಥವಿಲ್ಲ, ಕಟ್ಟಿದ ಸಂಸ್ಥೆಯಿಲ್ಲ.

ಕೆನಡಾ ದೇಶದ ಸಹೋದರ ಆಂದ್ರೆ ಬೆಸ್ಸೆಟ್ಟರ ಕಥೆಯಲ್ಲಿ ಮತ್ತಷ್ಟು ಕಣ್ಣೀರಿದೆ, ಮತ್ತಷ್ಟು ನಗೆಯೂ ಇದೆ. 1845ರಲ್ಲಿ ಹುಟ್ಟಿದ ಅವರು ಹನ್ನೆರಡು ವರ್ಷಕ್ಕೆ ತಂದೆತಾಯಿಗಳಿಲ್ಲದ ತಬ್ಬಲಿಯಾದರು. ತಂದೆ ಮರದ ಕೆಲಸದಲ್ಲಿ ಅಪಘಾತದಿಂದ ಹೋದರೆ ತಾಯಿ ಕ್ಷಯರೋಗದಿಂದ. ಓದುಬರಹ ಅಷ್ಟಕ್ಕಷ್ಟೆ, ಅಮೆರಿಕದ ಬಟ್ಟೆಯ ಗಿರಣಿಗಳಲ್ಲಿ ಕೂಲಿ ಮಾಡಿದರು. 1870ರಲ್ಲಿ ಪವಿತ್ರ ಶಿಲುಬೆಯ ಸಭೆಗೆ ಸೇರಿದರೂ, ಈ ರೋಗಿಷ್ಠನಿಂದ ಯಾವ ಕೆಲಸವಾದೀತೆಂದು ಹಿರಿಯರು ವ್ರತಸ್ವೀಕಾರಕ್ಕೆ ಒಪ್ಪಲಿಲ್ಲ. ಮೊಂಟ್ರಿಯಲಿನ ಬಿಷಪ್ ಇಗ್ನಾಸ್ ಬೂರ್ಜೆಯವರು ಮಧ್ಯೆ ಬಂದು ಆಡಿದ ಮಾತಿನಿಂದ ಅವರು ಉಳಿದುಕೊಂಡರು. ನೊಟ್ರಡಾಂ ಕಾಲೇಜಿನ ಬಾಗಿಲಿಗೆ ನೇಮಕವಾಗಿ ಅಲ್ಲಿ ಸುಮಾರು ನಲವತ್ತು ವರ್ಷ ಕಳೆದರು. ಮಠಕ್ಕೆ ಬಂದಾಗ ನನಗೆ ಬಾಗಿಲು ತೋರಿಸಿದರು, ನಾನು ಅಲ್ಲಿಯೇ ನಿಂತುಬಿಟ್ಟೆ ಎಂಬರ್ಥದಲ್ಲಿ ಅವರು ಹಾಸ್ಯ ಮಾಡುತ್ತಿದ್ದರಂತೆ. ಕಾಲೇಜಿನ ಹುಡುಗರಿಗೆ ಕ್ಷೌರ ಮಾಡಿ ತಲೆಗೆ ಐದು ಸೆಂಟಿನಂತೆ ಕೂಡಿಟ್ಟ ಚಿಲ್ಲರೆಯನ್ನೂ ಸೇರಿಸಿ 1904ರಲ್ಲಿ ಎದುರಿನ ಗುಡ್ಡದ ಮೇಲೆ ಸಂತ ಜೋಸೆಫರಿಗೆ ಒಂದು ಪುಟ್ಟ ಗುಡಿ ಕಟ್ಟಲಾಯಿತು. ಇಂದು ಅಲ್ಲಿರುವ ಭವ್ಯ ದೇವಾಲಯವನ್ನು ನೋಡಿದವರಿಗೆ ಆ ಐದು ಸೆಂಟುಗಳು ಕಾಣುವುದಿಲ್ಲ. ಅವರು 1937ರ ಜನವರಿ 6ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ನಿಧನರಾದಾಗ, ಆ ಚಳಿಯಲ್ಲಿ ಸುಮಾರು ಹತ್ತು ಲಕ್ಷ ಜನ ಅಂತಿಮ ದರ್ಶನ ಪಡೆದರೆಂದು ಲೆಕ್ಕ. 2010ರ ಅಕ್ಟೋಬರ್ 17ರಂದು ಅವರಿಗೆ ಸಂತಪದವಿ ನೀಡಿದವರು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು. ಬೆನೆಡಿಕ್ಟರು ಹುಟ್ಟಿದ ಮಾರ್ಕ್ಟಲ್ ಎಂಬ ಊರು ಕೊನ್ರಾಡರು ಬಾಗಿಲು ಕಾಯ್ದ ಆಲ್ಟೋಟಿಂಗಿಗೆ ಬಹು ಸಮೀಪ. ಅಮೆರಿಕದ ಡಿಟ್ರಾಯಿಟ್ ನಗರದ ಕಪುಚಿನ್ ಮಠದ ಬಾಗಿಲಿನಲ್ಲಿದ್ದ ಸ್ವಾಮಿ ಸೊಲಾನುಸ್ ಕೇಸಿಯವರದೂ ಇದೇ ದಾರಿ. ವಿದ್ಯೆ ಸಾಲದೆಂದು ಅವರಿಗೆ ಗುರುದೀಕ್ಷೆ ಕೊಟ್ಟರೂ ಪಾಪನಿವೇದನೆ ಕೇಳುವ ಅನುಮತಿ ಕೊಡಲಿಲ್ಲ. 2017ರಲ್ಲಿ ಧರ್ಮಸಭೆ ಅವರನ್ನು ಪುಣ್ಯವಂತರ ಶ್ರೇಣಿಗೆ ಸೇರಿಸಿತು.

ಇಷ್ಟನ್ನು ಓದಿದವರು ಒಂದು ಪ್ರಶ್ನೆಯನ್ನು ಕೇಳಬಹುದು, ಕೇಳಲೇಬೇಕು. ಸಣ್ಣ ಕೆಲಸದಲ್ಲಿ ನಿಷ್ಠೆಯಿಂದಿರು ಎಂಬ ಬೋಧನೆ ಬಡವನನ್ನು ಬಾಗಿಲಲ್ಲೇ ನಿಲ್ಲಿಸಿಡುವ ಉಪಾಯವಾಗಲಿಲ್ಲವೇ? ಕೆಲವೆಡೆ ಆಗಿದೆ. ಅದನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ದ್ರೋಹ. ಪೆರು ದೇಶದ ಲೀಮಾ ನಗರದಲ್ಲಿ 1579ರಲ್ಲಿ ಹುಟ್ಟಿದ ಸಂತ ಮಾರ್ಟಿನ್ ದಿ ಪೋರೆಸರ ತಾಯಿ ಆಫ್ರಿಕದ ವಂಶದವಳು ಎಂಬ ಕಾರಣದಿಂದಲೇ ಅಂದಿನ ಕಟ್ಟಳೆಗಳು ಅವರನ್ನು ದೊಮಿನಿಕನ್ ಮಠದ ಪೂರ್ಣ ಸದಸ್ಯತ್ವದಿಂದ ದೂರವಿಟ್ಟವು. ಪೊರಕೆ ಹಿಡಿದು ಅವರು ಸಂತರಾದುದು ಆ ಕಟ್ಟಳೆಯಿಂದಲ್ಲ, ಆ ಕಟ್ಟಳೆಯ ನಡುವೆಯೂ. ಅವರಿಗೆ ಸಂತಪದವಿ ದೊರೆಯಲು 1962ರವರೆಗೆ ಕಾಯಬೇಕಾಯಿತು. ಮಠಗಳಲ್ಲಿ ಗುರುಗಳಿಗೊಂದು ಪಂಕ್ತಿ, ಸಹೋದರರಿಗೊಂದು ಪಂಕ್ತಿ ಎಂಬ ಭೇದವೂ ಬಹುಕಾಲ ನಡೆದಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಂನ್ಯಾಸಜೀವನದ ನವೀಕರಣವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ, ಸಹೋದರರನ್ನು ಸಮುದಾಯದ ಜೀವನದಲ್ಲಿಯೂ ಕೆಲಸಗಳಲ್ಲಿಯೂ ನಿಕಟವಾಗಿ ಸೇರಿಸಿಕೊಳ್ಳಬೇಕೆಂದು ವಿಧಿಸಬೇಕಾಗಿ ಬಂದುದೇ ಆ ಭೇದಕ್ಕೆ ಸಾಕ್ಷಿ.

ನಮ್ಮ ಊರುಗಳಲ್ಲಿಯೂ ಈ ವಿಚಾರವನ್ನು ಯೋಚಿಸುವುದು ಒಳ್ಳೆಯದು. ಹಬ್ಬದ ಮೆರವಣಿಗೆಯಲ್ಲಿ ಸತ್ತಿಗೆ ಹಿಡಿಯುವ ಮನೆತನಗಳು ಯಾವುವೆಂದು ಎಲ್ಲರಿಗೂ ಗೊತ್ತು. ಹಬ್ಬದ ಮರುದಿನ ಅಂಗಳ ಗುಡಿಸುವವರು ಯಾರೆಂದೂ ಗೊತ್ತು. ಈ ಎರಡು ಪಟ್ಟಿಗಳು ಎಂದೂ ಅದಲುಬದಲಾಗದ ಕಡೆ ಸಣ್ಣ ಕೆಲಸದ ಮಹಿಮೆಯನ್ನು ಬೋಧಿಸುವ ಗುರುವು ಮೊದಲು ತಾನೊಂದು ಪೊರಕೆಯನ್ನು ಹಿಡಿಯುವುದು ಲೇಸು.

ಹಾಗೆಂದು ಬೋಧನೆ ಸುಳ್ಳಾಗುವುದಿಲ್ಲ. ಬಾಲಯೇಸುವಿನ ಸಂತ ತೆರೇಸಮ್ಮನವರು ಬಡಮನೆಯ ಹೆಣ್ಣಲ್ಲ. ಅನುಕೂಲಸ್ಥ ಕುಟುಂಬದ ಮುದ್ದಿನ ಕೊನೆಯ ಮಗಳು. ಹದಿನೈದನೆಯ ವಯಸ್ಸಿನಲ್ಲಿ, 1888ರ ಏಪ್ರಿಲಿನಲ್ಲಿ, ಅಂದರೆ ಬಾಗಿಲಿನ ಸಂತ ಅಲ್ಫೋನ್ಸರಿಗೆ ಸಂತಪದವಿ ಸಂದ ಮೂರು ತಿಂಗಳಿಗೆ, ಲಿಸ್ಯೂವಿನ ಕಾರ್ಮೆಲ್ ಮಠಕ್ಕೆ ಸೇರಿದರು. ಅಲ್ಲಿ ಸಂಧಿವಾತದಿಂದ ಬಳಲುತ್ತಿದ್ದ ಮುದಿ ಸಹೋದರಿಯೊಬ್ಬಳನ್ನು ಪ್ರತಿ ಸಂಜೆ ಆರು ಗಂಟೆಗೆ ಹತ್ತು ನಿಮಿಷವಿರುವಾಗ ಪ್ರಾರ್ಥನೆಯ ಸ್ಥಳದಿಂದ ಊಟದ ಮನೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ತಾವಾಗಿ ಕೇಳಿ ಪಡೆದರು. ಬೇಗ ನಡೆದರೆ ಬೀಳಿಸುತ್ತೀಯೆ ಎಂಬ ಬೈಗುಳ, ನಿಧಾನವಾದರೆ ಕೈಬಿಟ್ಟೆಯಾ ಎಂಬ ಬೈಗುಳ. ಕೂರಿಸಿದ ಮೇಲೆ ಆಕೆಯ ವಾತದ ಕೈಗಳಿಗೆ ರೊಟ್ಟಿ ಮುರಿಯುವುದು ಕಷ್ಟವೆಂದು ಕಂಡು, ಅದನ್ನೂ ಕತ್ತರಿಸಿಕೊಟ್ಟು, ಒಂದು ನಗೆ ಬೀರಿ ಹೊರಡುತ್ತಿದ್ದರು. ರೊಟ್ಟಿ ಕತ್ತರಿಸೆಂದು ಯಾರೂ ಕೇಳಿರಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1897ರಲ್ಲಿ ತೀರಿಕೊಂಡ ಈಕೆಯನ್ನು 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರೊಡನೆ ಸಮಾನವಾಗಿ ಧರ್ಮಪ್ರಚಾರದ ಪಾಲಕಿಯೆಂದೂ, 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದೂ ಘೋಷಿಸಲಾಯಿತು.

ನಮ್ಮ ನಾಡಿನಲ್ಲಿ ಈ ಪರಂಪರೆಗೆ ಕೊರತೆಯಿಲ್ಲ, ಆದರೆ ಹೆಸರುಗಳಿಗೆ ಕೊರತೆಯಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿ ಬೆರಗಾಗದವರಿಲ್ಲ. ಅದನ್ನು ಚಿತ್ರಿಸಿದ ಇಟಲಿಯ ಅಂತೋನಿಯೋ ಮೊಸ್ಕೇನಿಯವರು ಗುರುಗಳಲ್ಲ, ಯೇಸುಸಭೆಯ ಒಬ್ಬ ಸಹೋದರ. ಗೋಡೆಯ ಚಿತ್ರಗಳಲ್ಲಿ ಅವರು ಅನುಸರಿಸಿದುದು ಹಸಿ ಗಾರೆಯ ಮೇಲೆ ಬಣ್ಣ ಹಾಕುವ ಪದ್ಧತಿ. ಒಂದು ದಿನಕ್ಕೆ ಎಷ್ಟು ಚಿತ್ರಿಸಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯಬೇಕು; ಒಣಗುವ ಮುನ್ನ ಮುಗಿಸಬೇಕು; ತಪ್ಪಿದರೆ ಕೆರೆದು ತೆಗೆದು ಮತ್ತೆ ಬಳಿಯಬೇಕು. ನಾವು ಒಂದೇ ನೋಟಕ್ಕೆ ನೋಡುವ ಆ ವೈಭವವು ಹಾಗೆ ಒಂದೊಂದು ದಿನದ ತುಂಡುಗಳಿಂದ ಆದುದು. 1905ರಲ್ಲಿ ಅವರು ಕೊಚ್ಚಿಯಲ್ಲಿ ನಿಧನರಾದರು.

ಮೊಸ್ಕೇನಿಯವರ ಹೆಸರಾದರೂ ಉಳಿದಿದೆ. ಹಳೆಯ ಮೈಸೂರು ಸೀಮೆಯ ಉಪದೇಶಿಗಳ ಹೆಸರನ್ನು ಎಲ್ಲಿ ಹುಡುಕೋಣ? ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿನ ಬೀಜವನ್ನು ಬಿತ್ತಿದರೆಂದು ನಮ್ಮ ಎಲ್ಲ ಸಂಚಿಕೆಗಳೂ ಬರೆಯುತ್ತವೆ. 1759ರಲ್ಲಿ ಪೋರ್ಚುಗೀಸ್ ಸರಕಾರವು ಯೇಸುಸಭೆಯವರನ್ನು ತನ್ನ ರಾಜ್ಯಗಳಿಂದ ಹೊರದೂಡಿತು. 1773ರಲ್ಲಿ ಸಭೆಯೇ ವಿಸರ್ಜಿತವಾಯಿತು. ಅನಂತರ ಫ್ರಾನ್ಸಿನ ಪರದೇಶ ಮಿಷನ್ನಿನ ಗುರುಗಳು ಬಂದರು. ಅವರಲ್ಲಿ ಪ್ರಸಿದ್ಧರಾದ ಅಬ್ಬೆ ದುಬ್ವಾ ಅವರು 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಇವೆಲ್ಲ ಗುರುಗಳ ಚರಿತ್ರೆ. ಬೆರಳೆಣಿಕೆಯ ಗುರುಗಳು ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಸುತ್ತುತ್ತಿದ್ದ ಅಂಥ ಕಾಲದಲ್ಲಿ, ಒಂದೊಂದು ಹಳ್ಳಿಗೆ ಪೂಜೆ ದೊರೆಯುತ್ತಿದ್ದುದು ವರ್ಷಕ್ಕೆ ಎಷ್ಟು ಸಲವೋ. ಉಳಿದ ಭಾನುವಾರಗಳಲ್ಲಿ ಜನರನ್ನು ಕೂಡಿಸಿ ಜಪ ಹೇಳಿಸಿದವರು ಯಾರು? ಸಾಯುತ್ತಿದ್ದ ಕೂಸುಗಳ ತಲೆಯ ಮೇಲೆ ನೀರು ಹೊಯ್ದವರು ಯಾರು? ಶವದ ಮುಂದೆ ಶಿಲುಬೆ ಹಿಡಿದು ನಡೆದವರು ಯಾರು? ತನ್ನ ಹೊಲದ ಕೆಲಸ ಮುಗಿಸಿಕೊಂಡು ಸಂಜೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ‘ಪರಲೋಕ ಮಂತ್ರ’ವನ್ನು ಬಾಯಿಪಾಠ ಮಾಡಿಸಿದ ಉಪದೇಶಿ. ಆತ ಒಂದು ಭಾನುವಾರ ತಪ್ಪಿಸಿದ್ದರೆ ಯಾವ ರಿಜಿಸ್ಟರಿನಲ್ಲೂ ದಾಖಲಾಗುತ್ತಿರಲಿಲ್ಲ. ತಪ್ಪಿಸದೆ ಇದ್ದುದೂ ದಾಖಲಾಗಲಿಲ್ಲ. ಆದರೆ ಆತ ತಪ್ಪಿಸದೆ ಇದ್ದುದರಿಂದಲೇ ನಾವು ಇಂದು ಇಲ್ಲಿ ಕುಳಿತು ಶತಮಾನೋತ್ಸವವನ್ನು ಆಚರಿಸುತ್ತಿದ್ದೇವೆ, ಇದರಲ್ಲಿ ಅತಿಶಯೋಕ್ತಿಯಿಲ್ಲ.

ಫ್ರಾನ್ಸಿಸ್ ಜಗದ್ಗುರುಗಳು 2018ರಲ್ಲಿ ಹೊರಡಿಸಿದ ಪ್ರೇಷಿತ ಪತ್ರದಲ್ಲಿ ನೆರೆಮನೆಯ ಸಂತರ ವಿಷಯವನ್ನು ಪ್ರಸ್ತಾಪಿಸಿದರು. 2021ರ ಮೇ 10ರಂದು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಸ್ಥಾಪಿತ ಸೇವೆಗಳಲ್ಲೊಂದಾಗಿ ಮಾಡಿದವರೂ ಅವರೇ. ಆರನೆಯ ಪೌಲರ ಆಜ್ಞಾಪತ್ರದಲ್ಲಿ ದ್ವಾರಪಾಲಕನ ಪಕ್ಕದಲ್ಲಿ ಬರೆದಿದ್ದ ಉಪದೇಶಿಯ ಹೆಸರಿಗೆ ಹೀಗೆ ಐವತ್ತು ವರ್ಷಗಳ ಸುಮಾರಿಗೆ ಮನ್ನಣೆ ದೊರೆಯಿತು. ದ್ವಾರಪಾಲಕನ ಸರದಿ ಇನ್ನೂ ಬಂದಿಲ್ಲ. 2025ರಲ್ಲಿ ಫ್ರಾನ್ಸಿಸರು ದೈವಾಧೀನರಾದ ದಿನ ಏಪ್ರಿಲ್ 21. ಅದು ಆಲ್ಟೋಟಿಂಗಿನ ಬಾಗಿಲಿನ ಸಂತ ಕೊನ್ರಾಡರ ಸ್ಮರಣೆಯ ದಿನ.

ಈ ಸಂಚಿಕೆಗಾಗಿ ನಾವು ಧರ್ಮಕೇಂದ್ರದ ಹಳೆಯ ಪುಸ್ತಕಗಳನ್ನು ತಿರುವಿ ನೋಡಿದೆವು. ಜ್ಞಾನಸ್ನಾನ, ವಿವಾಹ, ಮರಣ ಇವುಗಳ ದಾಖಲೆ ಅಚ್ಚುಕಟ್ಟಾಗಿದೆ. ದಾನಿಗಳ ಹೆಸರುಗಳು ಕಲ್ಲಿನ ಮೇಲೂ ಇವೆ. ಗಂಟೆ ಹೊಡೆದವರ ಹೆಸರು ಒಂದು ಕಡೆಯೂ ಇಲ್ಲ. ಖರ್ಚಿನ ಪುಸ್ತಕದಲ್ಲಿ ಹಗ್ಗದ ಬೆಲೆ ಇದೆ, ದೀಪದ ಎಣ್ಣೆಯ ಬೆಲೆ ಇದೆ, ಬಲಿಪೀಠದ ಬಟ್ಟೆಗೆ ಹಾಕಿದ ಸಾಬೂನಿನ ಬೆಲೆಯೂ ಇದೆ. ಒಗೆದ ಕೈಗಳ ಹೆಸರಿಲ್ಲ. ಆದುದರಿಂದ ಧರ್ಮಕೇಂದ್ರದ ಹಿರಿಯರನ್ನು ವಿಚಾರಿಸಿ, ಅವರ ನೆನಪಿಗೆ ಬಂದಷ್ಟು ಉಪದೇಶಿಗಳು, ಗಂಟೆ ಹೊಡೆದವರು, ಬಲಿಪೀಠಕ್ಕೆ ಹೂ ತಂದವರು, ಬಟ್ಟೆ ಒಗೆದವರು, ಸಮಾಧಿ ತೋಡಿದವರು, ಅಂಗಳ ಗುಡಿಸಿದವರ ಹೆಸರುಗಳನ್ನು ಪಟ್ಟಿ ಮಾಡುತ್ತಿದ್ದೇವೆ. ಕೆಲವರಿಗೆ ಊರಿನವರು ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ಸಿಕ್ಕಿದೆ, ಅದನ್ನೇ ಬರೆದುಕೊಂಡಿದ್ದೇವೆ. ಯಾರದಾದರೂ ತಂದೆಯದೋ ಅಜ್ಜಿಯದೋ ಹೆಸರು ಈ ಪಟ್ಟಿಯಲ್ಲಿ ಸೇರಬೇಕಾಗಿದ್ದರೆ, ಭಾನುವಾರ ಎರಡನೆಯ ಪೂಜೆಯ ನಂತರ ಗುರುನಿವಾಸಕ್ಕೆ ಬಂದು ತಿಳಿಸಬೇಕಾಗಿ ಕೋರುತ್ತೇವೆ. ಮರಣದ ದಾಖಲೆಯಲ್ಲಿ ತಾರೀಖನ್ನು ಹುಡುಕಿ, ಮೃತರ ತಿಂಗಳಾದ ನವೆಂಬರಿನಲ್ಲಿ ಅವರೆಲ್ಲರ ಹೆಸರನ್ನೂ ಬಲಿಪೀಠದಿಂದ ಓದಲಾಗುವುದು.